ತಲೆ ನನ್ನದು, ಬಣ್ಣ ಗೆಳೆಯರದು

ಸಂಡೂರು ತಾಲ್ಲೂಕಿನ ಯಶವಂತನಗರದ ಸುತ್ತಿನವರಿಗೆ ಕೆಂಪು ತಲೆ ಹೊಸದೇನಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವ ಮುನ್ನ, ಅದಿರು ಲಾರಿಗಳ ಧೂಳಿಗೆ ಈ ಸೀಮೆಯ ದಾರಿಬದಿಯ ಮರಗಳೇ ಕೆಂಪಾಗಿದ್ದವು. ಶಾಲೆಯಿಂದ ಬಂದ ಮಕ್ಕಳ ತಲೆಯನ್ನು ತಾಯಂದಿರು ತಿಕ್ಕಿ ತೊಳೆಯಬೇಕಿತ್ತು. ಈಗ ಅದೇ ಬಣ್ಣಕ್ಕೆ ಮಕ್ಕಳು ಕಾಸು ಕೊಡುತ್ತಾರೆ!

ಎಲ್ಲಕ್ಕೂ ಸಿನಿಮಾ, ಮೊಬೈಲು ಕಾರಣವೆಂದು ಹಿರಿಯರ ದೂರು. ಅದು ಪೂರ್ತಿ ಸುಳ್ಳಲ್ಲ. ಆದರೆ ನಟನ ತಲೆ ನೋಡಿದವರೆಲ್ಲ ಬಣ್ಣ ಹಚ್ಚಿಕೊಳ್ಳುವುದಿಲ್ಲ. ಪಕ್ಕದ ಬೆಂಚಿನವನು ಹಚ್ಚಿಕೊಂಡು ಬಂದ ಮೇಲೆ ಮಾತ್ರ ತಡೆಯಲಾಗುವುದಿಲ್ಲ. ‘ನೀನೂ ಹಚ್ಕೊಳ್ಳೋ’ ಎಂದು ಯಾರೂ ಒತ್ತಾಯಿಸಬೇಕಿಲ್ಲ. ಹತ್ತನೇ ತರಗತಿಯ ಬೀಳ್ಕೊಡುಗೆಯ ಫೋಟೋದಲ್ಲಿ ತಾನೊಬ್ಬನೇ ಬೇರೆಯಾಗಿ ಕಾಣುತ್ತೇನೆಂಬ ಅಳುಕೇ ಸಾಕು. ಹುಡುಗಿಯರಲ್ಲಿ ಇದು ಇನ್ನೂ ಸದ್ದಿಲ್ಲದೆ ನಡೆಯುತ್ತದೆ: ಜಡೆಯೊಳಗೆ ಒಂದೇ ಎಳೆ, ಮನೆಯವರಿಗೆ ಕಾಣದಂತೆ.

ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಓರಗೆಯವರು ಪಕ್ಕದಲ್ಲಿ ಕೂತಾಗ 13ರಿಂದ 16ರ ವಯಸ್ಸಿನವರು ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ತಲೆಯಾಡಿಸಿದ ಮಗ ಶಾಲೆಯಲ್ಲಿ ಬೇರೆಯೇ ಆಗುವುದು ಇದಕ್ಕೇ.

ಹಾಗಾಗಿ ಒಬ್ಬನನ್ನೇ ಬೈದು ಫಲವಿಲ್ಲ. ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಇದನ್ನು ಸರಿಯಾಗಿ ಗುರುತಿಸಿದ್ದರು. 2017ರ ‘ಹೆಬ್ಬುಲಿ’ ಚಿತ್ರದಲ್ಲಿ ಸುದೀಪ್ ಮಾಡಿಸಿದ್ದ ಕಟಿಂಗು ತರಗತಿಗೆಲ್ಲ ಹಬ್ಬಿದಾಗ, 2023ರಲ್ಲಿ ಅವರು ಪತ್ರ ಬರೆದದ್ದು ಊರಿನ ಕ್ಷೌರದ ಅಂಗಡಿಗೆ! ಒಬ್ಬರಿಗೂ ಆ ಕಟಿಂಗು ಮಾಡದಿದ್ದರೆ ಯಾರಿಗೂ ಒಂಟಿಯಾದೆನೆಂಬ ಕೊರಗಿಲ್ಲ. ಕಟಿಂಗಿಗೇನೋ ಇದು ಸರಿ. ಬಣ್ಣದ ಪೊಟ್ಟಣ ಕಿರಾಣಿ ಅಂಗಡಿಯಲ್ಲೇ ಸಿಗುತ್ತದಲ್ಲ?

ಕಟಿಂಗು ತಿಂಗಳೆರಡು ತಿಂಗಳಲ್ಲಿ ಬೆಳೆದು ಸರಿಹೋಗುತ್ತದೆ. ಬಣ್ಣದ ಸಂಗತಿ ಬೇರೆ. ನಮ್ಮ ಕಪ್ಪು ಕೂದಲ ಮೇಲೆ ಹೊಂಬಣ್ಣ ಎದ್ದು ಕಾಣಬೇಕಾದರೆ ಮೊದಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಸಹಜ ಬಣ್ಣ ತೆಗೆಯಬೇಕು; ಕೂದಲು ಒರಟಾಗಿ ತುಂಡಾಗುತ್ತದೆ. ಅನೇಕ ಬಣ್ಣಗಳಲ್ಲಿರುವ ಪಿ.ಪಿ.ಡಿ. ಎಂಬ ರಾಸಾಯನಿಕ ಕೆಲವರಿಗೆ ಆಗಿಬರುವುದಿಲ್ಲ. ನೆತ್ತಿಯಲ್ಲಿ ಉರಿ, ರೆಪ್ಪೆಗಳಲ್ಲಿ ಬಾವು ಬರಬಹುದು. ಒಮ್ಮೆ ಅಂಟಿದ ಅಲರ್ಜಿ ಸಾಮಾನ್ಯವಾಗಿ ಬಿಡದು. ಐರೋಪ್ಯ ಒಕ್ಕೂಟದಲ್ಲಿ ಇಂಥ ಬಣ್ಣಗಳು 16 ತುಂಬದವರಿಗಲ್ಲ ಎಂದು ಪೊಟ್ಟಣದ ಮೇಲೆಯೇ ಅಚ್ಚು ಹಾಕಬೇಕು. ‘ಗೋರಂಟಿ’ ಎಂದು ಮಾರುವ ಕರಿಪುಡಿಗಳಲ್ಲೂ ಪಿ.ಪಿ.ಡಿ. ಇರುವುದುಂಟು, ನಿಜವಾದ ಗೋರಂಟಿ ಕಪ್ಪು ಬಣ್ಣ ಕೊಡುವುದಿಲ್ಲ.

ಪಿ.ಪಿ.ಡಿ. ಇರುವ ಬಣ್ಣವನ್ನು ಮೊದಲು ಕಿವಿಯ ಹಿಂದೆಯೋ ಮುಂಗೈಯ ಒಳಬದಿಗೋ ಹಚ್ಚಿ 24 ಗಂಟೆ ನೋಡಬೇಕೆಂಬ ಎಚ್ಚರಿಕೆ ನಮ್ಮಲ್ಲೂ ಕಡ್ಡಾಯ. ಕೆಲವರಿಗೆ ತುರಿಕೆ ಎರಡು ದಿನ ಬಿಟ್ಟು ಬರುವುದರಿಂದ 48 ಗಂಟೆ ಕಾಯುವುದು ಒಳ್ಳೆಯದು. ಪೋಷಕರೇ, ‘ಬೇಡ’ ಎನ್ನುವ ಬದಲು ‘ಆ ಪರೀಕ್ಷೆ ಮಾಡಿ ನೋಡೋಣ’ ಎಂದು ನೋಡಿ. ಎರಡು ದಿನದಲ್ಲಿ ಗೆಳೆಯರ ಕಾವು ಎಷ್ಟೋ ಸಲ ಇಳಿದಿರುತ್ತದೆ. ಇಳಿಯದಿದ್ದರೂ ಮಗು ನಿಮ್ಮೆದುರೇ ಇರುತ್ತದೆ.

ತಲೆ ಬೋಳಿಸುತ್ತೇನೆಂದು ಹೆದರಿಸಿದರೆ ಆಗುವುದೇ ಬೇರೆ: ಗೆಳೆಯನ ಮನೆಯಲ್ಲಿ ಅವಸರವಾಗಿ ಹಚ್ಚಿಕೊಂಡು, ಮುಖ ಊದಿದರೂ ಬೈಗುಳಕ್ಕೆ ಅಂಜಿ ಮುಚ್ಚಿಡುತ್ತಾರೆ. ಹಾಗಾದಾಗ ತಡಮಾಡದೆ ತಲೆ ತೊಳೆದು, ಬಳಸಿದ ಪೊಟ್ಟಣದ ಸಮೇತ ವೈದ್ಯರಲ್ಲಿಗೆ ಹೋಗಬೇಕು. ಉಸಿರು ಕಟ್ಟಿದಂತಾದರೆ ಅದು ತುರ್ತು.