ಬೆಡ್‌ಶೀಟ್ ಕಲೆಗೆ ಬ್ಲೀಚ್ ಜೊತೆ ವಿನೆಗರ್ ಬೆರೆಸಬಹುದೇ? ಹೋಂಸ್ಟೇ ನಡೆಸುವವರು ಫಾರ್ವರ್ಡ್ ಮಾಡುವ ಮುನ್ನ ಓದಿ

ಒಂದು ಬಕೆಟ್ ನೀರಿಗೆ ಒಂದು ಕಪ್ ಬ್ಲೀಚ್, ಒಂದು ಕಪ್ ವಿನೆಗರ್ ಅಥವಾ ಎರಡು ನಿಂಬೆಹಣ್ಣಿನ ರಸ, ಮೇಲೆ ಎರಡು ಚಮಚ ಅಡುಗೆ ಸೋಡಾ. ಇದರಲ್ಲಿ ಬೆಡ್‌ಶೀಟ್ ನೆನೆಸಿದರೆ ಎಂಥ ಹಳೆಯ ಕಲೆಯೂ ಹತ್ತು ನಿಮಿಷದಲ್ಲಿ ಮಾಯ ಎನ್ನುವ ಸಂದೇಶ, ಪದಗಳು ಒಂದಿಷ್ಟು ಆಚೀಚೆಯಾಗಿ, ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಮನೆಯಲ್ಲಿ ಸಿಗುವ ವಸ್ತುಗಳೇ ಆದ್ದರಿಂದ ಅಪಾಯವೇನಿಲ್ಲ ಎಂದು ಅನ್ನಿಸುವುದೂ ಸಹಜ. ಆದರೆ ಈ ಮಿಶ್ರಣದಿಂದ ಹೊರಬರುವುದು ವಿಷಾನಿಲ.

ಮನೆಬಳಕೆಯ ದ್ರವ ಬ್ಲೀಚ್‌ನಲ್ಲಿ ಇರುವುದು ಸೋಡಿಯಂ ಹೈಪೋಕ್ಲೋರೈಟ್. ಅದಕ್ಕೆ ಯಾವುದೇ ಆಮ್ಲ ಸೇರಿದರೂ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ವಿನೆಗರ್, ನಿಂಬೆರಸ ಎರಡೂ ಆಮ್ಲಗಳೇ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಇನ್ನೂ ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಮೊದಲನೇ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೇನೆ ಶತ್ರುಗಳ ಕಂದಕಗಳತ್ತ ಹರಿಯಬಿಟ್ಟದ್ದು ಇದೇ ಅನಿಲವನ್ನು. ಕಂದಕಗಳಲ್ಲಿ ಅದು ಅಷ್ಟು ಘಾತಕವಾಗಲು ಒಂದು ಕಾರಣ, ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ನಿಮ್ಮ ಬಕೆಟ್‌ನಲ್ಲಿ ಹುಟ್ಟುವ ಪ್ರಮಾಣ ಯುದ್ಧದ್ದಲ್ಲ, ನಿಜ. ಆದರೆ ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ, ಕುಕ್ಕರುಗಾಲಲ್ಲಿ ಕುಳಿತು, ಬಕೆಟ್ ಮೇಲೆ ಬಾಗಿ ಬಟ್ಟೆ ಉಜ್ಜುವವರ ಮೂಗು ಎಲ್ಲಿರುತ್ತದೆ ಎಂದು ಒಮ್ಮೆ ಯೋಚಿಸಿ.

ಮುಂಚೆಯೇ ಅಸ್ತಮಾ ಇದ್ದವರಿಗಂತೂ ಸ್ವಲ್ಪ ಸೇವಿಸಿದರೂ ಉಸಿರು ಕಟ್ಟಬಹುದು. ಕಣ್ಣು, ಗಂಟಲು ಉರಿದು ಕೆಮ್ಮು ಬಂದರೆ ಕೂಡಲೇ ಬಯಲಿಗೆ ಬನ್ನಿ. ಬಕೆಟ್ ಎತ್ತಿ ಚೆಲ್ಲಲು ಮತ್ತೆ ಒಳಗೆ ಹೋಗಬೇಡಿ, ಅದರೊಳಗೆ ಇನ್ನೇನನ್ನೂ ಸುರಿಯಲೂಬೇಡಿ. ಉಸಿರಾಟದ ತೊಂದರೆ ಕೆಲವೊಮ್ಮೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುವುದರಿಂದ, ಜೋರಾಗಿ ಉಸಿರೆಳೆದುಕೊಂಡಿದ್ದರೆ ವೈದ್ಯರಿಗೆ ತೋರಿಸುವುದೇ ಒಳ್ಳೆಯದು.

ಹಾಗಾದರೆ ಆ ಅಡುಗೆ ಸೋಡಾ? ಅದು ವಿನೆಗರ್ ಜೊತೆ ಸೇರಿ ನೊರೆ ಎಬ್ಬಿಸುತ್ತದೆ, ವಿಡಿಯೋದಲ್ಲಿ ನೋಡಲು ಚೆನ್ನಾಗಿರುತ್ತದೆ. ಆ ನೊರೆ ಬರೀ ಕಾರ್ಬನ್ ಡೈಆಕ್ಸೈಡ್. ಕ್ಷಾರವೂ ಆಮ್ಲವೂ ಒಂದನ್ನೊಂದು ಹೊಡೆದು ಹಾಕಿದ ಮೇಲೆ ಉಳಿಯುವುದು ಒಂದು ಬಗೆಯ ಉಪ್ಪುನೀರು.

ಇಂಥ ಸಂದೇಶಗಳು ಹೋಂಸ್ಟೇ ಗುಂಪುಗಳಲ್ಲಿ ಹೆಚ್ಚು ಓಡಾಡುವುದಕ್ಕೆ ಕಾರಣವಿದೆ. ಹನ್ನೊಂದು ಗಂಟೆಗೆ ಒಬ್ಬರು ಕೋಣೆ ಬಿಡುತ್ತಾರೆ, ಒಂದು ಗಂಟೆಗೆ ಇನ್ನೊಬ್ಬರು ಬರುತ್ತಾರೆ. ನಡುವಿನ ಎರಡು ಗಂಟೆಯಲ್ಲಿ ಕಲೆ ಹೋಗಲೇಬೇಕು, ಇಲ್ಲದಿದ್ದರೆ ಆನ್‌ಲೈನ್ ರಿವ್ಯೂನಲ್ಲಿ ಫೋಟೋ ಸಮೇತ ಬರುತ್ತದೆ. ಈ ಒತ್ತಡದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಸುರಿಯುವ ಮನಸ್ಸಾಗುತ್ತದೆ. ಆದರೆ ಪ್ರತಿ ಕಲೆಗೂ ಅದರದೇ ಗುಣವಿದೆ. ಒಂದಕ್ಕೆ ಮದ್ದಾದದ್ದು ಇನ್ನೊಂದನ್ನು ಗಟ್ಟಿ ಮಾಡುತ್ತದೆ.

ಕೊಡಗು, ಸಕಲೇಶಪುರ, ಮೂಡಿಗೆರೆ, ಆಗುಂಬೆ ಕಡೆಯವರಿಗೆ ಗೊತ್ತಿರುವ ಉದಾಹರಣೆಯನ್ನೇ ನೋಡೋಣ. ಮಳೆಗಾಲದಲ್ಲಿ ತೋಟ, ಕಾಡು ಸುತ್ತಿ ಬಂದ ಅತಿಥಿಯ ಕಾಲಿಗೆ ಉಂಬಳ ಕಚ್ಚಿರುತ್ತದೆ. ಅದರ ಜೊಲ್ಲಿನಲ್ಲಿರುವ ಹಿರುಡಿನ್‌ನಂಥ ವಸ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಹಾಗಾಗಿ ಉಂಬಳ ಬಿದ್ದುಹೋದ ಮೇಲೂ ಗಂಟೆಗಟ್ಟಲೆ ರಕ್ತ ಜಿನುಗುತ್ತಲೇ ಇರುತ್ತದೆ. ಅತಿಥಿಗೆ ಗೊತ್ತೇ ಆಗುವುದಿಲ್ಲ, ಬೆಳಗ್ಗೆ ನೋಡಿದರೆ ಬಿಳಿ ಶೀಟಿನ ತುಂಬ ಕೆಂಪು ಚುಕ್ಕೆ. ಆಗ ಬಹುತೇಕರು ಮಾಡುವ ಮೊದಲ ಕೆಲಸ, ಒಲೆ ಮೇಲಿನ ಹಂಡೆಯಿಂದ ಕುದಿಯುವ ನೀರು ಸುರಿಯುವುದು. ಅದೇ ತಪ್ಪು. ರಕ್ತದಲ್ಲಿರುವುದು ಪ್ರೋಟೀನ್. ಬಿಸಿ ತಾಗಿದರೆ ಮೊಟ್ಟೆಯ ಬಿಳಿ ಗಟ್ಟಿಯಾಗುವ ಹಾಗೆ ಅದೂ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ.

ರಕ್ತಕ್ಕೆ ತಣ್ಣೀರೇ ಮದ್ದು. ಕಲೆಯ ಹಿಂಬದಿಯಿಂದ ನಲ್ಲಿ ನೀರು ಬಿಡಿ, ಆಮೇಲೆ ಎಂಜೈಮ್ ಇರುವ ಡಿಟರ್ಜೆಂಟ್‌ನಲ್ಲಿ ಅರ್ಧ ಗಂಟೆ ನೆನೆಸಿ. ಒಣಗಿದ ಕಲೆಯಾದರೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಹನಿಸಬಹುದು. ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವದಿಂದಾಗಿ ಅದು ಗುಳ್ಳೆಯೇಳುತ್ತದೆ, ಗಾಬರಿ ಬೇಡ. ಇದು ಬಣ್ಣವನ್ನು ತಿಳಿಗೊಳಿಸಬಹುದಾದ್ದರಿಂದ ಬಿಳಿ ಬಟ್ಟೆಗೆ ಮಾತ್ರ. ಇದನ್ನೂ ವಿನೆಗರ್ ಅಥವಾ ಬ್ಲೀಚ್ ಜೊತೆ ಬೆರೆಸಬೇಡಿ.

ಅರಿಶಿಣದ ಕಥೆ ಬೇರೆ. ಕೋಳಿ ಸಾರಿನ ಕೈ ಒರೆಸಿದ ಹಳದಿ ಕಲೆಗೆ ಸೋಪು ಹಚ್ಚಿದ ಕೂಡಲೇ ಅದು ಕೆಂಪಾಗುವುದನ್ನು ಕಂಡು ಸೋಪಿನಲ್ಲೇ ಏನೋ ಕಲಬೆರಕೆ ಇದೆ ಎಂದುಕೊಳ್ಳುವವರಿದ್ದಾರೆ. ಆರತಿ ತಟ್ಟೆಯಲ್ಲಿ ಅರಿಶಿಣದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುವುದಿಲ್ಲವೇ, ಅದೇ ಇದು. ಅರಿಶಿಣದ ಕರ್ಕ್ಯುಮಿನ್ ಕ್ಷಾರ ತಾಗಿದಾಗ ಕೆಂಪಾಗುತ್ತದೆ, ಸೋಪು ಕ್ಷಾರೀಯ. ಚೆನ್ನಾಗಿ ಜಾಲಾಡಿಸಿದರೆ ಮತ್ತೆ ಹಳದಿಯಾಗುತ್ತದೆ. ಆ ಹಳದಿಗೆ ಬಿಸಿಲೇ ಸಾಕು. ಕರ್ಕ್ಯುಮಿನ್ ಬೆಳಕಿಗೆ ಒಡೆದುಹೋಗುವ ವಸ್ತು, ಒದ್ದೆ ಶೀಟನ್ನು ಒಂದೆರಡು ದಿನ ನೇರ ಬಿಸಿಲಿಗೆ ಹರವಿದರೆ ತಾನೇ ಮಾಸುತ್ತದೆ. ನಮ್ಮ ಪಾಲಿಗೆ ಕಲೆ ತೆಗೆಯುವ ಅತ್ಯಂತ ಅಗ್ಗದ ಉಪಾಯ ಇದು, ಆದರೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ದಿಂಬಿನ ಕವರ್ ಮೇಲಿನ ತಲೆ ಎಣ್ಣೆಗೆ ಮಾತ್ರ ತಣ್ಣೀರು ಕೆಲಸ ಮಾಡದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಚಳಿಗಾಲದ ನಲ್ಲಿ ನೀರು ಅದಕ್ಕಿಂತ ತಣ್ಣಗಿರುತ್ತದೆ. ಪಾತ್ರೆ ತೊಳೆಯುವ ದ್ರವ ಹಚ್ಚಿ, ಬಿಸಿನೀರಿನಲ್ಲಿ ಒಗೆಯಿರಿ. ಕಾಫಿ ಚೆಲ್ಲಿದರೆ ತಕ್ಷಣ ತಣ್ಣೀರು, ಆಮೇಲೆ ಡಿಟರ್ಜೆಂಟ್.

ಇನ್ನು ಬಹಳ ಜನರನ್ನು ಕಾಡುವ ಒಗಟು: ಬ್ಲೀಚ್ ಹಾಕಿದಷ್ಟೂ ಶೀಟ್ ಹಳದಿಯಾಗುತ್ತಿದೆ, ಏಕೆ? ನಿಮ್ಮ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇರಬಹುದು. ನೀರಿನಲ್ಲಿ ಕರಗಿ ಕಾಣದಂತಿದ್ದ ಕಬ್ಬಿಣವನ್ನು ಬ್ಲೀಚ್ ತುಕ್ಕಾಗಿಸಿ ಬಟ್ಟೆಯ ಮೇಲೆ ಕೂರಿಸುತ್ತದೆ. ಬಕೆಟ್‌ನಲ್ಲಿ ಹಿಡಿದಿಟ್ಟ ನೀರು ಮರುದಿನ ಕೆಂಚಗಾಗುವುದಾದರೆ ಆ ನೀರಿಗೆ ಬ್ಲೀಚ್ ಬೇಡವೇ ಬೇಡ. ವಿಚಿತ್ರವೆಂದರೆ ಈ ತುಕ್ಕಿನ ಕಲೆಗೆ ನಿಂಬೆರಸ ನಿಜವಾಗಿಯೂ ಕೆಲಸ ಮಾಡುತ್ತದೆ. ಫಾರ್ವರ್ಡ್‌ನಲ್ಲಿರುವ ಅರ್ಧ ಸತ್ಯ ಅದೇ ಇರಬೇಕು. ಆದರೆ ಬ್ಲೀಚ್ ಹಾಕಿದ ಬಟ್ಟೆಯನ್ನು ಸಂಪೂರ್ಣ ಜಾಲಾಡಿಸಿದ ನಂತರ, ಬೇರೆ ಬಕೆಟ್‌ನಲ್ಲಿ ಮಾತ್ರ.

ಬ್ಲೀಚ್ ಬಳಸಲೇಬಾರದು ಎಂದು ನಾವು ಹೇಳುತ್ತಿಲ್ಲ. ಬಿಳಿ ಹತ್ತಿ ಬಟ್ಟೆಗೆ, ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ, ಸಾಕಷ್ಟು ನೀರು ಬೆರೆಸಿ, ಕೈಗವಸು ಹಾಕಿಕೊಂಡು, ಬಯಲಿನಲ್ಲಿ, ಒಂಟಿಯಾಗಿ ಬಳಸಿ. ಬ್ಲೀಚ್ ಬಾಟಲಿಯೂ ಟಾಯ್ಲೆಟ್ ಕ್ಲೀನರ್ ಬಾಟಲಿಯೂ ಒಂದೇ ಗೂಡಿನಲ್ಲಿ ಇರಬಾರದು. ಕೆಲಸಕ್ಕೆ ಬರುವವರಿಗೆ ಲೇಬಲ್ ಓದಲು ಬಾರದಿದ್ದರೆ ಬಾಟಲಿಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ ತೋರಿಸಿಕೊಡಿ. ಗಾಳಿ ಕುಡಿಯುವವರು ಅವರು, ನಾವಲ್ಲ.

ಎರಡು ಗಂಟೆಯ ಒತ್ತಡಕ್ಕೆ ಪರಿಹಾರ ರಸಾಯನಕ್ಕಿಂತ ಲೆಕ್ಕದಲ್ಲಿದೆ. ಪ್ರತಿ ಹಾಸಿಗೆಗೆ ಮೂರು ಜೊತೆ ಶೀಟ್ ಇಡಿ. ಒಂದು ಹಾಸಿಗೆ ಮೇಲೆ, ಒಂದು ಒಗೆತದಲ್ಲಿ, ಒಂದು ಕಪಾಟಿನಲ್ಲಿ. ಕಲೆಯಾದ ಶೀಟಿಗೆ ಆಗ ಒಂದು ದಿನ ಬಿಸಿಲು ಕಾಯುವ ಸಮಯ ಸಿಗುತ್ತದೆ. ಶೀಟಿನ ಕೆಳಗೆ ನೀರು ಇಳಿಯದ, ತೊಳೆಯಬಹುದಾದ ಕವರ್ ಹಾಕಿದರೆ ಹಾಸಿಗೆ ಉಳಿಯುತ್ತದೆ. ಕೋಣೆಯಲ್ಲಿ ಕಡುಬಣ್ಣದ ಒಂದು ಹಳೆಯ ಟವೆಲ್ ಇಟ್ಟು, ಮೆಹೆಂದಿ, ಮೇಕಪ್, ಕೆಸರು ಕಾಲಿಗೆ ಎಂದು ಚೀಟಿ ಅಂಟಿಸಿ. ಮಳೆಗಾಲದಲ್ಲಿ ಉಂಬಳದ ಗಾಯಕ್ಕೆ ಹತ್ತಿ, ಬ್ಯಾಂಡೇಜ್ ಕೂಡ.

ಮಳೆಗಾಲ ಎಂದಾಗ ಇನ್ನೊಂದು ಮಾತು. ಮಡಿಸಿಟ್ಟ ಶೀಟ್ ಮುಗ್ಗಲು ಹಿಡಿಯದಿರಲಿ ಎಂದು ನಡುವೆ ನುಸಿಗುಳಿಗೆ ಹಾಕುವ ಅಭ್ಯಾಸವಿದೆ. ಅದು ಹುಳುವಿಗೆ ಮದ್ದೇ ಹೊರತು ತೇವಕ್ಕಲ್ಲ. ನ್ಯಾಫ್ತಲೀನ್ ಇರುವ ಗುಳಿಗೆಯ ಆವಿ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಎಳೆಗೂಸುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಬರುವ ಮಗುವಿಗೆ ಆ ಕೊರತೆ ಇದೆಯೇ ಎಂದು ಅದರ ಹೆತ್ತವರಿಗೇ ಗೊತ್ತಿರುವುದಿಲ್ಲ. ಬಟ್ಟೆ ಪೂರ್ತಿ ಒಣಗಿದ ಮೇಲಷ್ಟೇ ಮಡಿಸಿ, ಕಪಾಟಿಗೆ ಗಾಳಿಯಾಡಲು ಬಿಡಿ. ಈಗಾಗಲೇ ಗುಳಿಗೆ ಹಾಕಿಟ್ಟ ಕಂಬಳಿ, ಶೀಟುಗಳಿದ್ದರೆ ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಹಾಕಿದ ಮೇಲಷ್ಟೇ ಮಂಚದ ಮೇಲೆ ಹಾಸಿ.