ನಮ್ಮ ಎಲೆಯ ಹೆಗ್ಗಣ

ಆಸ್ಟ್ರೇಲಿಯಾದ ವೊಂಬ್ಯಾಟ್ ನೆಲ ಕೊರೆದು ಬಿಲ ಮಾಡುತ್ತದೆ. ಹಗಲೆಲ್ಲ ಮಲಗಿ ರಾತ್ರಿ ಹುಲ್ಲು ಮೇಯುತ್ತದೆ. ಅಗೆಯುವಾಗ ಮಣ್ಣು ಮರಿಯ ಮೇಲೆ ಬೀಳದಂತೆ ಹೊಟ್ಟೆಯ ಚೀಲದ ಬಾಯಿ ಹಿಂದಕ್ಕಿದೆ. ಹಿಕ್ಕೆಯಂತೂ ಚೌಕಾಕಾರ! ಟಿವಿಯಲ್ಲಿ ಇದನ್ನು ನೋಡಿದ ಮಗಳು, "ಅಪ್ಪಾ, ನಮ್ಮ ಆಂಟಾಪ್ ಹಿಲ್‌ನಲ್ಲೂ ಇದೆಯಾ?" ಎಂದು ಕೇಳಿದಳು.

ವೊಂಬ್ಯಾಟ್ ಇಲ್ಲ, ಹೆಗ್ಗಣ ಇದೆ. ಕತ್ತಲಾದ ಮೇಲೆ ಕಟ್ಟಡದ ಹಿಂದಿನ ಗಟಾರದ ಬಳಿ ನಿಂತರೆ ಸಾಕು, ಕಾಣುತ್ತದೆ. ಅದೂ ಬಿಲ ತೋಡುವ ನಿಶಾಚರಿ. ವೊಂಬ್ಯಾಟಿನ ಹಲ್ಲುಗಳಂತೆ ಇದರ ಬಾಚಿಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತವೆ. ಊರಿನ ಗದ್ದೆಯಲ್ಲಿ ತೆನೆ ಕತ್ತರಿಸಿ ಬಿಲದೊಳಗೆ ಕೂಡಿಡುವುದೂ ಇದೇ ಬಳಗ. ತೆಲುಗಿನ 'ಪಂದಿಕೊಕ್ಕು', ಅಂದರೆ ಹಂದಿ ಇಲಿ, ಇಂಗ್ಲಿಷರ ಬಾಯಲ್ಲಿ 'ಬ್ಯಾಂಡಿಕೂಟ್' ಆಯಿತು. ಆ ಹೆಸರು ಆಸ್ಟ್ರೇಲಿಯಾದ ಇನ್ನೊಂದು ಚೀಲದ ಪ್ರಾಣಿಗೂ ಅಂಟಿತು.

ತಮಾಷೆ ಇಲ್ಲಿಗೆ ಮುಗಿಯಿತು. ಇಲಿ, ಹೆಗ್ಗಣಗಳ ಮೂತ್ರ ಬೆರೆತ ನೀರಿನಲ್ಲಿ ಗಾಯವಾದ ಕಾಲಿಟ್ಟರೆ ಇಲಿಜ್ವರ ಬರಬಹುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದ ಮೇಲೆ ಮುಂಬೈಯಲ್ಲಿ ಈ ಜ್ವರ ಜೀವಗಳನ್ನೇ ತೆಗೆಯಿತು. ಕಳೆದ ಮಳೆಗಾಲ ಒಡೆದ ಹಿಮ್ಮಡಿಯಲ್ಲೇ ಮೊಣಕಾಲುದ್ದ ನೀರು ದಾಟಿ ಬಂದಿದ್ದೆ. ಜ್ವರ ಬಂದಾಗ ಡಾಕ್ಟರ್ ಮೊದಲು ಕೇಳಿದ್ದು, "ನೀರಲ್ಲಿ ನಡೆದಿದ್ದಿರಾ?" ಎಂದೇ. ಪರೀಕ್ಷೆಯ ವರದಿ ಬರುವವರೆಗೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಪುಣ್ಯಕ್ಕೆ ಅದಾಗಿರಲಿಲ್ಲ.

ಪಾಲಿಕೆಯವರು ರಾತ್ರಿ ಕೋಲು, ಟಾರ್ಚ್ ಹಿಡಿದು ಇಲಿ ಕೊಲ್ಲುತ್ತಾರೆ. ಕಿಟಕಿಯಿಂದ ಅನ್ನ ಎಸೆದು ಅವನ್ನು ಸಾಕುವವರು ನಾವು. ನಮ್ಮ ಎಲೆಯಲ್ಲೇ ಹೆಗ್ಗಣ ಬಿದ್ದಿರುವಾಗ ಪಕ್ಕದೆಲೆಯ ನೊಣ ತೋರಿಸುವುದೇಕೆ? ಈ ಮಳೆಗೆ ಮುಂಚೆ ಕಸದ ಡಬ್ಬಕ್ಕೊಂದು ಮುಚ್ಚಳ ಹಾಕೋಣ.