ಕಡಲಾಚೆಯ ವ್ಯಾಪಾರ

ಶಾಸನಗಳಲ್ಲಿ ಲೊಕ್ಕಿಗುಂಡಿಯೆಂದು ಹೆಸರಾದ ಲಕ್ಕುಂಡಿಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಂಪದ್ಭರಿತವಾದ ಪಟ್ಟಣವಾಗಿತ್ತು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ವ್ಯವಹಾರವು ಆ ಕಾಲದಲ್ಲಿಯೇ ಕಡಲನ್ನು ದಾಟಿತ್ತು; ಆ ಸಂಘದ 1088ರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದಲ್ಲಿ ದೊರೆತಿದೆ. ದೂರದ ದಾರಿಗಳಲ್ಲಿ ಅರಸನ ರಕ್ಷಣೆಯೊಂದನ್ನೇ ನಂಬುವಂತಿರಲಿಲ್ಲ. ಆದುದರಿಂದ ಸಂಘವು ತನ್ನದೇ ಆದ ಕಾವಲುಪಡೆಯನ್ನು ಇರಿಸಿಕೊಂಡಿತ್ತು.

ಇಂದಿನ ವರ್ತಕನು ಪಡೆ ಕಟ್ಟುವಂತಿಲ್ಲ. ಪರದೇಶದಲ್ಲಿ ತೊಡಕು ಬಂದಾಗ ಆತನು ಸ್ವದೇಶದ ರಾಯಭಾರ ಕಚೇರಿಯ ಮೊರೆ ಹೋಗುತ್ತಾನೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿದ್ದ ಜಿ.ಎಂ.ಆರ್. ಸಂಸ್ಥೆಯು ಮಲೇಷ್ಯಾದ ಸಂಸ್ಥೆಯೊಂದರೊಡನೆ ಕೂಡಿ, 2010ರಲ್ಲಿ ಮಾಲ್ಡೀವ್ಸ್‌ನ ಮಾಲೆ ವಿಮಾನ ನಿಲ್ದಾಣವನ್ನು 25 ವರ್ಷಗಳ ಅವಧಿಗೆ ವಹಿಸಿಕೊಂಡಿತು. 2012ರ ನವೆಂಬರಿನಲ್ಲಿ ಅಲ್ಲಿಯ ಹೊಸ ಸರ್ಕಾರವು ಆ ಒಪ್ಪಂದವೇ ಅಸಿಂಧುವೆಂದು ಸಾರಿತು. ಒಪ್ಪಂದಕ್ಕನುಗುಣವಾದ ಕಾನೂನುಕ್ರಮಗಳು ನಡೆಯಬೇಕೆಂದು ಭಾರತದ ವಿದೇಶಾಂಗ ಸಚಿವಾಲಯವು ಬಹಿರಂಗವಾಗಿಯೇ ತಿಳಿಸಿತು. ಆದರೂ ಡಿಸೆಂಬರಿನಲ್ಲಿ ನಿಲ್ದಾಣವು ಕೈಬಿಟ್ಟಿತು. ಸರ್ಕಾರವು ನೆರೆಯ ಸ್ವತಂತ್ರ ರಾಷ್ಟ್ರಕ್ಕೆ ತಿಳಿಯಹೇಳಬಹುದೇ ಹೊರತು ಆಜ್ಞೆ ಮಾಡಲಾರದಷ್ಟೆ! ಕೊನೆಗೆ ನೆರವಾದುದು ಒಪ್ಪಂದದ ಪತ್ರವೇ. 2014ರಲ್ಲಿ ಮಧ್ಯಸ್ಥ ನ್ಯಾಯಮಂಡಳಿಯು ಅದು ಸಿಂಧುವೆಂದು ತೀರ್ಪಿತ್ತಿತು. 2016ರಲ್ಲಿ ಸುಮಾರು 27 ಕೋಟಿ ಡಾಲರುಗಳ ಪರಿಹಾರವು ಸಂದಿತು. ನಿಲ್ದಾಣವು ಮಾತ್ರ ಮರಳಿ ಬರಲಿಲ್ಲ.